ನಿಯಾಜ್ ನಡೆದ ಗೆರೆ

ಬಾಗಿಲ ಪಕ್ಕ, ಎಲ್ಲರೂ ಬೂಟು ಬಿಡುವ ಜಾಗದಲ್ಲಿ, ಆ ಕಲ್ಲು ಕಂಬಳಿ ಹೊದ್ದು ಒಂದು ವರ್ಷದಿಂದ ನಿಂತಿತ್ತು. ಜುಮ್ರೆತಾ ದಿನಾ ಕಸ ಗುಡಿಸುವಾಗ ಅದರ ಸುತ್ತ ಪೊರಕೆ ಆಡಿಸುತ್ತಿದ್ದಳು. ಮಕ್ಕಳು ಶಾಲೆಯಿಂದ ಬಂದವರೇ ಚೀಲವನ್ನು ಅದರ ಮೇಲೆ ಎಸೆದು ಒಳಗೆ ಓಡುತ್ತಿದ್ದರು. ಅಜ್ಜಿ ಕಂಡರೆ ಬೈಯುತ್ತಿರಲಿಲ್ಲ. ಚೀಲವನ್ನು ಎತ್ತಿ ಗೂಟಕ್ಕೆ ಹಾಕಿ, ಕಂಬಳಿ ಸರಿಮಾಡಿ ಹೋಗುತ್ತಿದ್ದಳು.

ಅದು ಗೋರಿಕಲ್ಲು. ಹಿಂದಿನ ವರ್ಷ ಜುಮ್ರೆತಾಳ ಗಂಡ ನಿಯಾಜ್ ಎದೆನೋವೆಂದು ಕುಳಿತವನು ಮತ್ತೆ ಏಳಲಿಲ್ಲ. ಆಗ ಅತ್ತೆ ರಾಬಿಯಾ ಕಲ್ಲುಕುಟಿಗನಿಗೆ ಎರಡು ಕಲ್ಲು ಹೇಳಿದ್ದಳು. ದೊಡ್ಡದು ಮಗನಿಗೆ, ಎರಡು ಗೇಣಿನ ಚಿಕ್ಕದು ಮಗಳು ಎಲ್ಮಾಸಾಗೆ. ಎಲ್ಮಾಸಾ ಹೋಗಿ ಹದಿನೇಳು ವರ್ಷವಾಗಿತ್ತು. ಬೋಸ್ನಿಯಾದಲ್ಲಿ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ, ಯಾಸಿಕ್ ಊರಿನವರೆಲ್ಲ ಮನೆ ಬಿಟ್ಟು ಕಾಡಿನಲ್ಲಿ ಓಡುವಾಗ, ನಾಲ್ಕು ವರ್ಷದ ಆ ಕೂಸಿಗೆ ಜ್ವರ ಏರಿತ್ತು. ತಾಯಿಯೂ ಹದಿನಾರರ ಅಣ್ಣನೂ ಸೇರಿ ಒಂದು ಓಕ್ ಮರದ ಬುಡದಲ್ಲಿ ಊಟದ ತಟ್ಟೆಯಿಂದ ಮಣ್ಣು ತೋಡಿ ಅವಳನ್ನು ಮಲಗಿಸಿ ಬಂದಿದ್ದರು.

ನಿಯಾಜ್ ಬೆಳೆದು ಕಾಡಿನಲ್ಲಿ ಮರ ಅಳೆಯುವ ಕೆಲಸಕ್ಕೆ ಸೇರಿದ. ಅಂಗೈಯಲ್ಲಿ ಹಿಡಿಯುವ ಒಂದು ಜಿಪಿಎಸ್ಸು ಅವನ ಜೇಬಿನಲ್ಲಿ ಸದಾ ಇರುತ್ತಿತ್ತು. ಯುದ್ಧದಲ್ಲಿ ಹೂತಿಟ್ಟ ನೆಲಬಾಂಬು ತೆಗೆಯುವ ಕೆಲಸದ ಗೆಳೆಯನೊಬ್ಬನನ್ನು ಮುಂದಿಟ್ಟುಕೊಂಡು ಒಂದು ದಿನ ಯಾಸಿಕ್ ಬೆಟ್ಟ ಹತ್ತಿದ್ದ, ಆ ಓಕ್ ಮರವನ್ನು ಕಂಡುಹಿಡಿದಿದ್ದ. ಗೆಳೆಯ ಹೆಜ್ಜೆ ಹೆಜ್ಜೆಗೂ ನೆಲ ನೋಡಿದ್ದು, ಇವನು ಹಿಂದೆ ನಡೆದದ್ದು, ಎಲ್ಲ ಆ ಪೆಟ್ಟಿಗೆಯಲ್ಲಿ ಒಂದು ಗೆರೆಯಾಗಿ ಉಳಿಯಿತು. ಗೆರೆಯ ಆಚೆ ಈಚೆ ಮಣ್ಣಿನಲ್ಲಿ ಏನಿದೆಯೋ ಯಾರಿಗೂ ಗೊತ್ತಿಲ್ಲ. "ಬೆಟ್ಟ ಪೂರ್ತಿ ಶುದ್ಧ ಮಾಡ್ಲಿ ಅಮ್ಮ, ಆಮೇಲೆ ಎಲ್ಲರೂ ಹೋಗೋಣ," ಎಂದಿದ್ದ. ಬೆಟ್ಟದ ಸರದಿ ಬರುವ ಮೊದಲು ಅವನ ಸರದಿ ಬಂತು.

ಈ ಸಲದ ಬಕ್ರೀದ್ ಹಬ್ಬ, ಕುರ್ಬಾನ್ ಬೈರಾಮ್ ದಿನ ನಮಾಜು ಮುಗಿದ ಮೇಲೆ ಎಲ್ಲರ ಹಾಗೆ ಇವರೂ ಗೋರಿಗಳ ಹತ್ತಿರ ಹೋಗಿ ಬಂದರು. ಜುಮ್ರೆತಾ ಬಕ್ಲಾವಾ ಸಿಹಿಗೆ ಪಾಕ ಕಾಯಿಸುತ್ತಿದ್ದವಳು ಯಾವುದಕ್ಕೋ ಹಜಾರಕ್ಕೆ ಬಂದಳು. ಅತ್ತೆ ಬೂಟುಗಳ ನಡುವೆ ಮೊಣಕಾಲೂರಿ, ಕಂಬಳಿ ಸರಿಸಿ, ಆ ಚಿಕ್ಕ ಕಲ್ಲಿನ ಮುಂದೆ ಕೈಯೊಡ್ಡಿ ಫಾತಿಹಾ ಓದುತ್ತಿದ್ದಳು. ಸೊಸೆಯ ಸದ್ದು ಕೇಳಿ ತಿರುಗಿ, "ಜಾಗ ಬೇಕಾ ಮಗಳೇ? ಇನ್ನೊಂಚೂರು, ಎದ್ದೆ," ಎಂದಳು.

ಜುಮ್ರೆತಾ ಅಡುಗೆಮನೆಗೆ ಮರಳಿದಳು. ಪಾಕ ತಳ ಹಿಡಿದಿತ್ತು. ಹಿಮ ಬೀಳುವುದಕ್ಕೆ ಮೊದಲು ಆ ಕಲ್ಲು ಅದರ ಜಾಗದಲ್ಲಿ ನಿಲ್ಲಬೇಕು ಎಂದು ಆಗಲೇ ನಿಶ್ಚಯ ಮಾಡಿದಳು.

ಶನಿವಾರ ಬೆಳಿಗ್ಗೆ ಮಕ್ಕಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಇಬ್ಬರೂ ತಾವಿದ್ದ ತುಜ್ಲಾ ಪಟ್ಟಣದಿಂದ ಹೊರಟರು. ಹಿಂದಿನ ಸೀಟಿನಲ್ಲಿ ಕಂಬಳಿ ಸುತ್ತಿದ ಕಲ್ಲು, ಒಂದು ಕೈಗುದ್ದಲಿ, ಆಲೂಗಡ್ಡೆ ತುಂಬಿ ಬೇಯಿಸಿದ ಪೀತಾ, ಸತ್ತವರ ಹೆಸರಲ್ಲಿ ದಾರಿಯಲ್ಲಿ ಸಿಕ್ಕವರಿಗೆ ಕೊಡಲು ರಾಬಿಯಾ ಹುರಿದ ಹಲ್ವ. ಜಿಪಿಎಸ್ಸನ್ನು ಜುಮ್ರೆತಾ ಸ್ಟಿಯರಿಂಗಿನ ಮುಂದೆ, ಗಾಜಿಗೆ ಒರಗಿಸಿ ಇಟ್ಟಿದ್ದಳು. ಹಳೆಯ ಕಾರು, ಸಿಗರೇಟು ಹೊತ್ತಿಸುವ ತೂತಿನಲ್ಲಿ ಕರೆಂಟು ಬರದೆ ಎಷ್ಟೋ ಕಾಲವಾಗಿತ್ತು. ಪೆಟ್ಟಿಗೆ ಒಳಗಿದ್ದ ಎರಡು ಪೆನ್ಸಿಲ್ ಸೆಲ್ಲುಗಳ ಮೇಲೆಯೇ ನಡೆಯಬೇಕು.

"ಅದು ಏನು ಹೇಳ್ತದೆ?" ರಾಬಿಯಾ ಕೇಳಿದಳು.

"ಏನೂ ಹೇಳಲ್ಲ ಅಮ್ಮ. ತೋರಿಸ್ತದೆ ಅಷ್ಟೆ."

"ನಿಯಾಜನೂ ಹಾಗೇ. ಬಾಯಿ ಬಿಡಿಸ್ಬೇಕು ಅಂದ್ರೆ ಇಕ್ಕಳ ತರಬೇಕಿತ್ತು." ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ನಿನ್ನ ಡ್ರೈವಿಂಗ್ ಬಗ್ಗೆ ಮಾತ್ರ ಬಾಯಿ ಬಿಡ್ತಿದ್ದ. ನನ್ನ ಹೆಂಡ್ತಿ ಕಾರು ಓಡಿಸಿದ್ರೆ ಹಿಂದಿನ ಟ್ರ್ಯಾಕ್ಟರ್ ಹಾರ್ನ್ ಹೊಡೀತದೆ ಅಂತ."

"ಹೊಡೀಲಿ ಬಿಡಿ. ಟ್ರ್ಯಾಕ್ಟರಿಗೆ ಎಲ್ಲಿಗೆ ಅಷ್ಟು ಅರ್ಜೆಂಟು?"

ಡಾಂಬರು ರಸ್ತೆಯ ಮೇಲೆ ಜಿಪಿಎಸ್ಸನ್ನು ಹೊತ್ತಿಸಿಡುವ ಅಗತ್ಯವೇ ಇರಲಿಲ್ಲ. ಜುಮ್ರೆತಾಳಿಗೆ ದಾರಿ ಗೊತ್ತಿತ್ತು. ಆದರೂ ಆರಿಸಲಿಲ್ಲ. ಪರದೆಯ ಮೇಲೆ ಊರಿಂದೂರಿಗೆ ಸಣ್ಣ ಬಾವುಟಗಳು ಕಾಣುತ್ತಿದ್ದವು; ನಿಯಾಜ್ ಕೆಲಸದ ಮೇಲೆ ಹೋದಾಗ ಗುರುತು ಹಾಕಿದ ಜಾಗಗಳು. ಒಂದು ತಿರುವಿನಲ್ಲಿ "ಒಳ್ಳೇ ನೀರು" ಎಂದಿತ್ತು. ಇನ್ನೊಂದರಲ್ಲಿ "ನಾಯಿ ಹುಷಾರು". ಅವನು ಮನೆಯಲ್ಲಿ ಹೇಳದ ಮಾತುಗಳು ಒಂದೊಂದಾಗಿ ಬಂದು ಹಿಂದೆ ಸರಿಯುತ್ತಿದ್ದವು. ಮುಂದಿನದು ಏನಿರಬಹುದು ಎಂದು ಕಾಯುತ್ತ ಕಾಯುತ್ತ ಅವಳು ಮೂಲೆಯಲ್ಲಿದ್ದ ಸೆಲ್ಲಿನ ಗುರುತು ನೋಡುವುದನ್ನೇ ಮರೆತಳು. ನೋಡಿದಾಗ ಅರ್ಧ ಖಾಲಿಯಾಗಿತ್ತು.

ಕೊನೆಯ ಪಟ್ಟಣದ ಪೆಟ್ರೋಲ್ ಬಂಕ್ ಹತ್ತಿರ ಅವಳು ನಿಧಾನ ಮಾಡಿದಳು. "ಒಂದು ನಿಮಿಷ ಅಮ್ಮ. ಸೆಲ್ಲು ತಗೊಂಡು ಬರ್ತೀನಿ."

"ಯಾಕೆ ತಗೋಬೇಕು? ನನ್ನ ಚೀಲದಲ್ಲಿವೆ. ನೀನು ಹೋದ ವಾರ ಹೇಳಿದ್ಯಲ್ಲ, ಇದಕ್ಕೆ ಸೆಲ್ಲು ಬೇಕು ಅಂತ. ತಂದಿದೀನಿ, ಒಂದು ಹಿಡಿ."

"ಸರಿಯಾಗಿವೆ ತಾನೆ?"

"ಸರಿಯಾಗಿಲ್ದೆ? ನಾನೇ ಜೋಪಾನ ಮಾಡಿಟ್ಟಿರೋದು."

ರಾಬಿಯಾ ಕರವಸ್ತ್ರದ ಗಂಟನ್ನು ಮೇಲೆತ್ತಿ ತೋರಿಸಿದಳು. ಒಳಗೆ ಲೋಹ ಕಿಣಿಕಿಣಿ ಎಂದಿತು. ಜುಮ್ರೆತಾ ನಿಲ್ಲಿಸದೆ ಮುಂದೆ ಹೋದಳು.

ಡಾಂಬರು ಮುಗಿಯುವಲ್ಲಿ ಯಾಸಿಕ್‌ನ ಕೊನೆಯ ಮನೆ. ಊರಿಗೆ ಮರಳಿ ಬಂದವರಲ್ಲಿ ಇನ್ನೂ ಉಳಿದಿದ್ದವನು ಶಾಚಿರ್ ಎಂಬ ಮುದುಕ ಒಬ್ಬನೇ. ಕಾರಿನ ಸದ್ದಿಗೆ ಹೊರಗೆ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ರಾಬಿಯಾ, ನೀನಾ? ಈ ಸೊಸೆ ಇನ್ನೂ ನಿನ್ನ ಸಹಿಸ್ಕೊಂಡಿದ್ದಾಳಾ?" ಎಂದ.

"ಸಹಿಸ್ಕೊಳ್ದೆ ಏನ್ ಮಾಡ್ತಾಳೆ? ಕಾರಿನ ಬೀಗದಕೈ ಅವಳ ಹತ್ರ, ಹಲ್ವದ ಡಬ್ಬಿ ನನ್ನ ಹತ್ರ."

ಕಾಫಿ ಕುಡಿಯದೆ ಬಿಡುವ ಹಾಗಿರಲಿಲ್ಲ. ಶಾಚಿರ್ ಹಲ್ವ ಬಾಯಿಗೆ ಹಾಕಿಕೊಳ್ಳುವ ಮೊದಲು ಸತ್ತವರಿಗಾಗಿ ಎರಡು ಮಾತು ಪ್ರಾರ್ಥಿಸಿದ. ಇವರು ಬಂದ ಕಾರಣ ಕೇಳಿ ಬಟ್ಟಲು ಕೆಳಗಿಟ್ಟ.

"ಹಳೇ ಗಾಡಿದಾರೀಲಿ ನೀರಿನ ತೊಟ್ಟಿ ತನಕ ನನ್ನ ಹಸು ದಿನಾ ಹೋಗ್ತದೆ. ಅಲ್ಲಿ ತನಕ ಕಣ್ಮುಚ್ಚಿ ನಡೀರಿ. ತೊಟ್ಟಿಯಿಂದಾಚೆ ನಾನೇ ಕಾಲಿಟ್ಟಿಲ್ಲ. ನೆಲಬಾಂಬಿನ ಕೆಂಪು ಬೋರ್ಡುಗಳು ಅರ್ಧ ಗಾಳಿಗೆ ಬಿದ್ದೋಗಿವೆ. ಬೋರ್ಡು ಕಾಣ್ಲಿಲ್ಲ ಅಂತ ನುಗ್ಗಬೇಡಿ. ನಿಮ್ಮ ಹುಡುಗ ನಡೆದ ಗೆರೆ ಇದ್ಯಲ್ಲ, ಅದನ್ನ ಬಿಟ್ಟು ಒಂದು ಕಾಲೂ ಆಚೆ ಬೇಡ."

"ಗೆರೆ ಪೆಟ್ಟಿಗೇಲಿದೆ ಚಾಚಾ," ಎಂದು ಜುಮ್ರೆತಾ ಜಿಪಿಎಸ್ಸು ತೋರಿಸಲು ಕಾರಿನ ಕಡೆ ತಿರುಗಿದಳು. ಅದು ಕಾರಿನಲ್ಲೇ ಇತ್ತು. ಅಷ್ಟು ಹೊತ್ತೂ ಉರಿಯುತ್ತಲೇ ಇತ್ತು.

ಕಲ್ಲನ್ನು ಬೆನ್ನಚೀಲದಲ್ಲಿ ಹೊತ್ತು ಜುಮ್ರೆತಾ ಮುಂದೆ, ಗುದ್ದಲಿಯನ್ನೇ ಊರುಗೋಲು ಮಾಡಿಕೊಂಡು ರಾಬಿಯಾ ಹಿಂದೆ, ಗಾಡಿದಾರಿ ಹತ್ತಿದರು. ನೀರಿನ ತೊಟ್ಟಿ ಬಂತು. ಹಳೆಯ ಮರದ ತೊಟ್ಟಿ, ಕೊಳವೆಯಿಂದ ನೀರು ಸಣ್ಣಗೆ ಬೀಳುತ್ತಿತ್ತು, ಸುತ್ತ ಹಸುವಿನ ಗೊರಸಿನ ಗುರುತು. ಇಲ್ಲಿಂದ ಪರದೆಯ ಮೇಲಿನ ಗೆರೆ ದಾರಿ ಬಿಟ್ಟು ಬಲಕ್ಕೆ, ಬೀಚ್ ಮರಗಳ ಒಳಗೆ ಹೊರಳುತ್ತಿತ್ತು. ಜುಮ್ರೆತಾ ಅದನ್ನು ಸರಿಯಾಗಿ ನೋಡಲೆಂದು ಕಣ್ಣ ಹತ್ತಿರ ತಂದಳು. ಪರದೆ ಒಮ್ಮೆ ಮಿನುಗಿ ಕಪ್ಪಾಯಿತು.

"ಪರವಾಗಿಲ್ಲ," ಎಂದಳು. "ಎಲ್ಲಿ ಅಮ್ಮ, ನಿಮ್ಮ ಸೆಲ್ಲು ಕೊಡಿ."

ಕರವಸ್ತ್ರ ಬಿಚ್ಚಿದರೆ ಬಣ್ಣ ಬಣ್ಣದ ಸೆಲ್ಲುಗಳು. ಕೆಲವಕ್ಕೆ ತುದಿಯಲ್ಲಿ ಬಿಳಿ ಪುಡಿ ಕೂತಿತ್ತು, ಕೆಲವುಗಳ ಮೇಲಿನ ಕಾಗದ ಸುಟ್ಟ ಹಾಗೆ ಕಂದಾಗಿತ್ತು. ಜುಮ್ರೆತಾ ಎರಡು ಹಾಕಿದಳು. ಏನೂ ಇಲ್ಲ. ಬೇರೆ ಎರಡು ಹಾಕಿದಳು. ಪರದೆ ಬೆಳಗಿತು ಅನ್ನುವಷ್ಟರಲ್ಲಿ ಆರಿತು.

"ಅಮ್ಮ, ಇವೆಲ್ಲಿದ್ವು?"

"ಒಲೆ ಹಿಂದೆ. ಡಬ್ಬೀಲಿ."

"ಹೊಸವಲ್ಲವಾ?"

"ಹೊಸವು ಎಲ್ಲಿಂದ ಬರ್ಬೇಕು? ಮಕ್ಕಳ ಆಟದ ಸಾಮಾನಿಂದ ನೀನು ಎಸೆಯೋಕಿಟ್ಟಿದ್ದು, ಗಡಿಯಾರದ್ದು, ಟಿವಿ ರಿಮೋಟಿಂದು. ಒಲೆ ಹತ್ರ ಬೆಚ್ಚಗಿಟ್ರೆ ಮತ್ತೆ ಜೀವ ಬರತ್ತೆ."

ಜುಮ್ರೆತಾಳ ಬಾಯಿಗೆ ಬಿರುಸಾದ ಮಾತೊಂದು ಬಂತು. ಅಷ್ಟರಲ್ಲಿ ರಾಬಿಯಾ ತೊಟ್ಟಿಯ ಅಂಚಿನಲ್ಲಿ ಕುಳಿತು, ಸೆಲ್ಲೊಂದನ್ನು ಅಂಗೈಗಳ ನಡುವೆ ತಿಕ್ಕುತ್ತ ಹೇಳತೊಡಗಿದಳು.

"ಆ ವರ್ಷ ತುಜ್ಲಾದಲ್ಲಿ ನಮ್ಮನ್ನ ಶಾಲೆಯ ಹಾಲ್‌ನಲ್ಲಿ ಇಟ್ಟಿದ್ರು. ಕರೆಂಟಿಲ್ಲ. ಒಂದೇ ರೇಡಿಯೋ. ಯಾರ್ಯಾರು ಬದುಕಿದ್ದಾರೆ ಅಂತ ಸಾಯಂಕಾಲ ಹೆಸರು ಓದೋರು. ಸೆಲ್ಲು ಮುಗಿದ್ರೆ ಒಲೆ ಮೇಲಿಟ್ಟು ಬಿಸಿ ಮಾಡ್ತಿದ್ವಿ. ಇನ್ನೊಂದಷ್ಟು ಹೊತ್ತು ಮಾತಾಡ್ತಿತ್ತು. ಎಲ್ಮಾಸಾನ ಮಲಗಿಸಿ ಬಂದ ಮೇಲೆ ನಿಯಾಜ್ ಗಂಡಸರ ಜೊತೆ ಕಾಡಲ್ಲೇ ಉಳಿದಿದ್ದ. ಚಳಿಗಾಲ ಪೂರ್ತಿ ಸುದ್ದಿ ಇಲ್ಲ. ಒಂದಿನ ಅವರು 'ಯಾಸಿಕ್ ಊರಿನ ನಿಯಾಜ್, ಕ್ಷೇಮ, ತಾಯಿಗೆ ತಿಳಿಸಿ' ಅಂದ್ರು. ಅಂದಿದ್ದೇ ತಡ ರೇಡಿಯೋ ನಿಂತೋಯ್ತು. ಆ ಸೆಲ್ಲು ನಾಲ್ಕನೇ ಸಲ ಒಲೆ ಮೇಲಿಟ್ಟು ತೆಗೆದಿದ್ದು ಕಣೇ. ನಾವು ಅದನ್ನ ಎಸೆದಿದ್ರೆ?"

ಜುಮ್ರೆತಾ ಕಪ್ಪಾದ ಪರದೆಯನ್ನು ನೋಡಿದಳು. ಬೆಳಿಗ್ಗೆಯಿಂದ ಬಾವುಟ ಎಣಿಸುತ್ತ ಒಳ್ಳೆಯ ಸೆಲ್ಲುಗಳನ್ನು ಖಾಲಿ ಮಾಡಿದವಳು ತಾನೇ. ಅವಳೂ ಪಕ್ಕದಲ್ಲಿ ಕುಳಿತಳು. ಇದ್ದುದರಲ್ಲಿ ಚೊಕ್ಕವಾದ ನಾಲ್ಕನ್ನು ಆರಿಸಿ, ಎರಡನ್ನು ಅತ್ತೆಯ ಕೈಗೆ ಕೊಟ್ಟು, ಎರಡನ್ನು ತಾನು ಸ್ವೆಟರಿನ ಒಳಗೆ, ಕಂಕುಳಲ್ಲಿ ಇಟ್ಟುಕೊಂಡಳು. ಮೈಗೆ ತಾಗಿದಾಗ ಮಂಜುಗಡ್ಡೆಯ ಹಾಗಿತ್ತು. ಇಬ್ಬರು ಹೆಂಗಸರು ಮೊಟ್ಟೆಗೆ ಕಾವು ಕೊಡುವ ಕೋಳಿಗಳ ಹಾಗೆ ಮಿಸುಕಾಡದೆ ಕುಳಿತರು.

"ಶಾಚಿರ್ ಇದನ್ನ ನೋಡಿದ್ರೆ ಜನ್ಮ ಪೂರ್ತಿ ಆಡ್ಕೊಂಡು ನಗ್ತಾನೆ," ಎಂದಳು ರಾಬಿಯಾ.

ಮೊದಲ ಜೋಡಿ ಹಾಕಿದಾಗ ಪರದೆ ಬೆಳಗಿತು, ಆರದೆ ನಿಂತಿತು. ಗೆರೆ ಕಂಡಿತು. ಬಾಣದ ತುದಿ ಬೀಚ್ ಮರಗಳ ಕಡೆ ತಿರುಗಿತು.

"ಬನ್ನಿ. ನಾನು ಕಾಲಿಟ್ಟಲ್ಲೇ ಕಾಲಿಡಿ."

ಆ ಕ್ಷಣದಲ್ಲಿ ಹೊರಟದ್ದು ತಪ್ಪೆಂದು ಅವಳಿಗೆ ಅನ್ನಿಸಲಿಲ್ಲ. ಎಲ್ಲ ಇಷ್ಟು ಹತ್ತಿರ ಇತ್ತು. ಉದುರಿದ ಎಲೆ ನೆಲದ ಮೇಲೆ ದಪ್ಪಗೆ ಹಾಸಿತ್ತು, ದಾರಿಯೆಂಬುದರ ಸುಳಿವೇ ಇರಲಿಲ್ಲ. ಅವಳ ಕಣ್ಣೆಲ್ಲ ಪರದೆಯ ಮೇಲೆ. ಬಾಣ ಗೆರೆಯ ಮೇಲಿದ್ದರೆ ಒಂದು ಹೆಜ್ಜೆ, ಸ್ವಲ್ಪ ಆಚೆ ಸರಿದರೆ ಕಾಲು ಹಿಂದೆ. ಬೆನ್ನಮೇಲಿನ ಕಲ್ಲು ಜಗ್ಗುತ್ತಿತ್ತು. ಹಿಂದೆ ಅತ್ತೆ ಬಿಸ್ಮಿಲ್ಲಾ, ಬಿಸ್ಮಿಲ್ಲಾ ಎಂದು ಪ್ರತಿ ಹೆಜ್ಜೆಗೂ ಪಿಸುಗುಡುತ್ತಿದ್ದಳು. ಗೆರೆ ಒಂದು ಬಿದ್ದ ಮರವನ್ನು ಬಳಸಿ ಎಡಕ್ಕೆ ತಿರುಗಿತು. ಅಲ್ಲೇ ಪರದೆ ಆರಿತು.

ಎರಡನೆಯ ಜೋಡಿ ಹಾಕಿದಳು. ಬೆಳಗಿ, ಕಂಪನಿಯ ಹೆಸರು ತೋರಿಸಿ, ಆರಿತು. ಮತ್ತೆ ತೆಗೆದು ಬಾಯಿಯ ಹಬೆ ಊದಿ ಹಾಕಿದಳು. ಈ ಸಲ ಬೆಳಗಲೂ ಇಲ್ಲ.

ಕಾಡು ನಿಶ್ಶಬ್ದವಾಗಿತ್ತು. ಎದುರಿಗೆ ಬೀಚ್ ಮರಗಳು ವಿರಳವಾಗಿ, ಅವುಗಳ ಹಿಂದೆ, ಕಾಂಡ ಬುಡದಿಂದಲೇ ಇಬ್ಭಾಗವಾದ ಒಂದು ಓಕ್ ಮರ ಕಾಣುತ್ತಿತ್ತು. ಕೂಗಿದರೆ ಕೇಳುವಷ್ಟು ದೂರ.

"ಅದೇ," ಎಂದಳು ರಾಬಿಯಾ. ಸ್ವರ ಬದಲಾಗಿತ್ತು. "ಅದೇ ಮರ. ಆಗ ಇಷ್ಟು ದಪ್ಪ ಇರ್ಲಿಲ್ಲ. ಜುಮ್ರೆತಾ, ಅದೇ ಕಣೇ."

ಅವಳು ಸೊಸೆಯ ಪಕ್ಕದಿಂದ ಮುಂದೆ ಹೋಗಲು ಕಾಲೆತ್ತಿದಳು. ಜುಮ್ರೆತಾ ಅವಳ ತೋಳನ್ನು ಗಟ್ಟಿಯಾಗಿ ಹಿಡಿದಳು. ಎಲೆಗಳ ನಡುವೆ, ಒಂದು ಮಾರು ದೂರದಲ್ಲಿ, ಕೆಂಪು ತಗಡಿನ ಮೂಲೆಯೊಂದು ಹೊರಗೆ ಇಣುಕುತ್ತಿತ್ತು. ಬಿದ್ದುಹೋದ ಬೋರ್ಡು. ಯಾವ ಕಡೆಗೆ ಮುಖ ಮಾಡಿ ನಿಂತಿದ್ದಿತೋ, ಯಾವ ಕಡೆಗೆ ಬಾರದಿರಿ ಎನ್ನುತ್ತಿದ್ದಿತೋ, ಹೇಳುವಂತಿರಲಿಲ್ಲ.

"ಬಿಡು ನನ್ನ," ಎಂದಳು ರಾಬಿಯಾ. "ನನಗೇನಾಗಬೇಕು ಇನ್ನು? ಕಲ್ಲು ಕೊಡು. ನೀನಿಲ್ಲೇ ನಿಂತಿರು."

"ಬಿಡಲ್ಲ."

"ಜುಮ್ರೆತಾ."

"ನೀವು ಹೋದ್ರೆ ನಾನೂ ಹಿಂದೆ ಬರ್ತೀನಿ ಅಮ್ಮ. ನಿಮ್ಮನ್ನ ಒಬ್ಬರನ್ನೇ ಬಿಟ್ಟು ನಿಲ್ಲೋಕೆ ನನ್ನ ಕೈಲಾಗಲ್ಲ, ನನಗೇ ಗೊತ್ತು. ಆಮೇಲೆ ಪಕ್ಕದ ಮನೇಲಿ ಇಬ್ಬರು ಮಕ್ಕಳು ಕಿಟಕಿ ಹತ್ರ ಕೂತಿರ್ತಾರೆ. ಅಷ್ಟು ಯೋಚನೆ ಮಾಡಿ ಕಾಲಿಡಿ."

ಇಷ್ಟು ವರ್ಷದಲ್ಲಿ ಅವಳು ಅತ್ತೆಯ ಜೊತೆ ಈ ದನಿಯಲ್ಲಿ ಮಾತಾಡಿದವಳಲ್ಲ. ರಾಬಿಯಾ ಮರವನ್ನೇ ನೋಡುತ್ತ ನಿಂತಳು.

"ಆವತ್ತೂ ನಿಯಾಜ್ ಹೀಗೇ ಕೈ ಹಿಡಿದು ಎಳೆದಿದ್ದ," ಎಂದಳು ಕೊನೆಗೆ. "ನಾನು ಮಣ್ಣಿನ ಮೇಲೇ ಕೂತಿದ್ದೆ, ಏಳಲ್ಲ ಅಂತ. ಅಮ್ಮ, ನಾನಿನ್ನೂ ಬದುಕಿದ್ದೀನಿ ಅಂದ. ಅದಕ್ಕೆ ಎದ್ದೆ."

ಅವಳು ಹಿಂದೆ ತಿರುಗಿದಳು. ಬರುವಾಗ ಕಾಲು ಬಿದ್ದಲ್ಲೆಲ್ಲ ಎಲೆ ಮಗುಚಿ, ಒದ್ದೆಯ ಕಪ್ಪು ಮಗ್ಗುಲು ಮೇಲೆ ಬಂದಿತ್ತು. ಆ ಕಪ್ಪು ಗುರುತುಗಳ ಮೇಲೆಯೇ ಕಾಲಿಡುತ್ತ, ಈ ಸಲ ಅತ್ತೆ ಮುಂದೆ, ಸೊಸೆ ಹಿಂದೆ, ತೊಟ್ಟಿಗೆ ಮರಳಿದರು. ಗೊರಸಿನ ಗುರುತುಗಳ ಮೇಲೆ ಬಂದು ನಿಂತರು. ಜುಮ್ರೆತಾ ಚೀಲ ಇಳಿಸಿ ತೊಟ್ಟಿಯ ನೀರನ್ನು ಮುಖಕ್ಕೆ ಹಾಕಿಕೊಂಡಳು.

"ಅಮ್ಮ, ಪಟ್ಟಣಕ್ಕೆ ಹೋಗಿ ಹೊಸ ಸೆಲ್ಲು ತಗೊಂಡು ನಾಳೆನೇ ಬರೋಣ. ಕಲ್ಲು ಶಾಚಿರ್ ಚಾಚಾ ಮನೇಲಿರ್ಲಿ. ಗೆರೆ ಎಲ್ಲೂ ಹೋಗಲ್ಲ."

ರಾಬಿಯಾ ತಲೆವಸ್ತ್ರ ಬಿಚ್ಚಿ ಮತ್ತೆ ಕಟ್ಟಿಕೊಂಡಳು.

"ಬರಬಹುದು. ನಾಳೆ ನಾನೂ ನೀನೂ ಹೋಗಿ ಕಲ್ಲು ನಿಲ್ಲಿಸ್ತೀವಿ ಅಂತಿಟ್ಕೋ. ಆಮೇಲೆ? ಪ್ರತಿ ಬೈರಾಮಿಗೂ ನೀನು ಬರ್ತೀಯ. ನಾನು ಸತ್ತ ಮೇಲೂ ಬರ್ತೀಯ. ನಿನ್ನ ಗುಣ ನನಗೆ ಗೊತ್ತು. ಮಕ್ಕಳಿಗೆ ಅವರ ಅತ್ತೆ ಎಲ್ಮಾಸಾನ ಗೋರಿ ತೋರಿಸ್ಬೇಕು ಅಂತ ಅವರ ಕೈ ಹಿಡ್ಕೊಂಡು ಬರ್ತೀಯ. ಒಂದು ವರ್ಷ ಆ ಪೆಟ್ಟಿಗೆ ಕೈ ಕೊಡತ್ತೆ. ಒಬ್ಬ ಹುಡುಗ ಗೆರೆ ಬಿಟ್ಟು ಓಡ್ತಾನೆ. ಕಲ್ಲು ಎಲ್ಲಿರತ್ತೋ ಜನ ಅಲ್ಲಿಗೆ ಬರ್ತಾರೆ ಮಗಳೇ. ಇಲ್ಲೇ ನಿಲ್ಲಿಸು."

"ಇಲ್ಲೇನಾ? ತೊಟ್ಟಿ ಹತ್ರಾನಾ?"

"ಹಸು ಬರೋ ಜಾಗ. ನೀರಿದೆ. ಆ ಕಡೆ ನೋಡೋ ಹಾಗೆ ನಿಲ್ಲಿಸು. ಬೆಟ್ಟ ಶುದ್ಧ ಆದ ದಿನ ಬೇಕಾದ್ರೆ ಎತ್ಕೊಂಡು ಹೋಗಿ. ಅಲ್ಲಿ ತನಕ ಎಲ್ಮಾಸಾ ಅಲ್ಲಿರ್ಲಿ, ಅವಳ ಹೆಸರು ಇಲ್ಲಿರ್ಲಿ."

ತೊಟ್ಟಿಯ ಮೇಲ್ಬದಿಯಲ್ಲಿ, ಹಸು ತುಳಿದು ತುಳಿದು ಗಟ್ಟಿಯಾದ ನೆಲವನ್ನು ಜುಮ್ರೆತಾ ಕೈಗುದ್ದಲಿಯಿಂದ ಅಗೆದಳು. ನಡುವೆ ರಾಬಿಯಾ ಗುದ್ದಲಿ ಇಸಿದುಕೊಂಡು ತಾನೂ ಅಗೆದಳು. ಇಬ್ಬರೂ ಸೇರಿ ಕಲ್ಲನ್ನು ಇಳಿಸಿ, ಹೆಸರು ಕೆತ್ತಿದ ಮುಖ ಬೀಚ್ ಮರಗಳ ಕಡೆ ಬರುವ ಹಾಗೆ ತಿರುಗಿಸಿ, ಮಣ್ಣು ತುಂಬಿ, ಬೂಟುಗಾಲಿನಿಂದ ತುಳಿದು ಗಟ್ಟಿ ಮಾಡಿದರು. ವಾಲಿದ ಹಾಗೆ ಕಂಡಿತೆಂದು ಜುಮ್ರೆತಾ ಒಂದು ಕಡೆ ಚಕ್ಕೆಕಲ್ಲು ಒತ್ತಿದಳು.

ಫಾತಿಹಾ ಓದಿ, ಕೈಗಳನ್ನು ಮುಖದ ಮೇಲೆ ಸವರಿಕೊಂಡ ಮೇಲೂ ರಾಬಿಯಾ ಏಳಲಿಲ್ಲ. ಕಲ್ಲಿನ ತಲೆಯ ಮೇಲಿದ್ದ ಮಣ್ಣನ್ನು ತಲೆವಸ್ತ್ರದ ಅಂಚಿನಿಂದ ಒರೆಸಿದಳು. ಜುಮ್ರೆತಾ ಸ್ವಲ್ಪ ದೂರ ನಿಂತಿದ್ದಳು, ತಾಯಿ ಮಗಳ ನಡುವೆ ತಾನೇಕೆ ಎಂದು.

ರಾಬಿಯಾ ಹಿಂದೆ ತಿರುಗದೆಯೇ ಕೈ ಚಾಚಿ ಅವಳನ್ನು ಹತ್ತಿರ ಕರೆದಳು, ಪಕ್ಕದಲ್ಲಿ ಕೂರಿಸಿಕೊಂಡಳು. ಆಮೇಲೆ ಕಾಡಿನ ಕಡೆ ನೋಡುತ್ತ, ಮನೆಯೊಳಗಿರುವವರಿಗೆ ಹೊರಗಿನಿಂದ ಹೇಳುವ ಹಾಗೆ ಸ್ವಲ್ಪ ಗಟ್ಟಿಯಾಗಿ ಹೇಳಿದಳು:

"ಎಲ್ಮಾಸಾ, ಇವಳು ಜುಮ್ರೆತಾ. ನಿನ್ನ ಅತ್ತಿಗೆ."